ಯಾವ ಅಂಗದ ಡಾಕ್ಟರು

ಮೆಕ್ಕೆಜೋಳ ಬಿಡಿಸುತ್ತಿದ್ದೆ. ತೆನೆ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಇನ್ನೊಂದು ಸಲ ಬಿದ್ದಾಗ ತೆನೆಗೇ ಬೈದೆ. ಎದುರಿಗೆ ಕೂತಿದ್ದ ಓರಗಿತ್ತಿ ಅಂತರಘಟ್ಟಮ್ಮ ಕೈಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡತೊಡಗಿದಳು.

"ಅಕ್ಕಾ, ನಿನ್ನ ಬಾಯಿ ಯಾಕೆ ಒಂದು ಕಡೆಗೆ ಹೋಗೈತೆ?"

ನಿನ್ನ ಬಾಯಿ ಯಾವತ್ತು ನೆಟ್ಟಗಿತ್ತು ಅನ್ನಬೇಕೆಂದಿದ್ದೆ. ನಾಲಿಗೆ ಹೊರಳಲಿಲ್ಲ.

ಆಗ ನನ್ನ ಮೇಲೆ ಒಂದು ಕಾಗದ ಬರೆಯುವ ಕೆಲಸ ಬಾಕಿ ಇತ್ತು. ನ್ಯಾಮತಿ ಆಸ್ಪತ್ರೆಗೆ ಗುತ್ತಿಗೆ ಮೇಲೆ ಬಂದಿದ್ದ ಡಾಕ್ಟರ್ ಶಾಂತಲಾ ಅವರ ಅವಧಿ ಮುಗಿಯುವುದರಲ್ಲಿತ್ತು. ಊರವರು ಬರೆದು ಕೇಳಿದರೆ ಅವರನ್ನು ಮುಂದುವರಿಸುತ್ತೇವೆ, ಇಲ್ಲವಾದರೆ ಆ ಹುದ್ದೆಯೇ ಬೇರೆ ತಾಲ್ಲೂಕಿಗೆ ಹೋಗುತ್ತದೆ ಎಂದು ಜಿಲ್ಲೆಯಿಂದ ಹೇಳಿದ್ದರು. ಮಹಿಳಾ ಸಂಘದ ಪರವಾಗಿ ಬರೆಯಲು ನನಗೆ ಒಪ್ಪಿಸಿದರು. ತಲೆ ನೆರೆತ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಕಲಿತ ದಿನದಿಂದ ಊರಲ್ಲಿ ನನಗಿಂತ ದೊಡ್ಡ ವಿದ್ವಾಂಸರಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಹೊನ್ನಾಳಿ ಬಸ್ಸು ಬಂದರೆ ಬೋರ್ಡನ್ನು ಗಟ್ಟಿಯಾಗಿ ಓದುತ್ತಿದ್ದೆ, ಆಗಲೇ ಹತ್ತಿ ಕೂತವರಿಗೂ ಬಸ್ಸು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗಲಿ ಅಂತ.

ಅಂಥವಳು ವಿಚಾರಿಸದೆ ಬರೆದುಕೊಡುವುದುಂಟೆ? ಆಸ್ಪತ್ರೆಗೇ ಹೋದೆ. ಬಾಗಿಲ ಮೇಲೆ ತುರ್ತು ಚಿಕಿತ್ಸಾ ತಜ್ಞೆ ಎಂದಿತ್ತು. ಓದಿದೆ, ಸಮಾಧಾನವಾಗಲಿಲ್ಲ. ಜಗಳೂರಿನ ನನ್ನ ತಂಗಿಗೆ ಕಣ್ಣಿನ ಡಾಕ್ಟರಿದ್ದಾರೆ, ಚನ್ನಗಿರಿಯ ಬೀಗರಿಗೆ ಮಂಡಿಯ ಡಾಕ್ಟರಿದ್ದಾರೆ. ಇವರು ಯಾವ ಅಂಗದವರು? ಕೇಳಿಯೇಬಿಟ್ಟೆ. ಆಯಮ್ಮ ಬೇಸರ ಮಾಡಿಕೊಳ್ಳದೆ, ಎಂಬಿಬಿಎಸ್ ಆದ ಮೇಲೆ ಇದಕ್ಕೇ ಅಂತ ಮತ್ತೆ ಮೂರು ವರ್ಷ ಓದಿದ್ದೇನೆ ಎಂದು ಪ್ರಮಾಣಪತ್ರವನ್ನೇ ಕೈಗೆ ಕೊಟ್ಟರು. ಪೂರ್ತಿ ಇಂಗ್ಲಿಷು. ಕನ್ನಡಕ ಏರಿಸಿಕೊಂಡು, ತಲೆದೂಗುತ್ತಾ, ಬಹಳ ಹೊತ್ತು ಸೀಲನ್ನು ಓದಿದೆ.

"ಯಾವ ಅಂಗ ಕೆಟ್ಟರೂ ಮೊದಲು ನನ್ನ ಹತ್ರನೇ ಬರ್ತಾರೆ ಅಜ್ಜಿ," ಎಂದರು.

ಎಲ್ಲಾ ಅಂಗ ಅಂದರೆ ಯಾವುದೂ ಅಲ್ಲ ಎಂದು ತೀರ್ಮಾನಿಸಿ ಮನೆಗೆ ಬಂದೆ. ಅದೂ ಅಲ್ಲದೆ ಆಯಮ್ಮ ಜ್ವರ ಅಂದವರಿಗೆಲ್ಲ ಸೂಜಿ ಚುಚ್ಚುತ್ತಿರಲಿಲ್ಲ, ಸುಸ್ತು ಅಂದವರಿಗೆಲ್ಲ ಗ್ಲೂಕೋಸ್ ಏರಿಸುತ್ತಿರಲಿಲ್ಲ. ಸಂಘದವರು ಕಾಗದ ಎಲ್ಲಿ ಅಂದಾಗಲೆಲ್ಲ ವಿಚಾರಣೆ ನಡೀತಾ ಐತೆ ಎನ್ನುತ್ತಿದ್ದೆ.

ಈಗ ನೋಡಿದರೆ ವಿಚಾರಣೆ ಮಾಡುವವಳ ಬಾಯೇ ಸೊಟ್ಟ. ಅಂತರಘಟ್ಟಮ್ಮನ ಗಂಡ ಬೀರಲಿಂಗಪ್ಪ ಓಡಿಬಂದು ಲಕ್ವ ಎಂದ. ಲಕ್ವ ಹೊಡೆದ ಕೈಕಾಲಿಗೆ ನಮ್ಮವರು ಪಾರಿವಾಳದ ಬಿಸಿ ರಕ್ತ ತಿಕ್ಕಿಸುತ್ತಾರೆ. ಸೂಳೆಕೆರೆ ಕಡೆ ಒಬ್ಬ ತಿಕ್ಕುತ್ತಾನೆ, ಪಾರಿವಾಳ ಮಾತ್ರ ನಾವೇ ಒಯ್ಯಬೇಕು. ಬೀರಲಿಂಗಪ್ಪ ಪಕ್ಕದ ಮನೆಯಿಂದ ಒಂದನ್ನು ಹಿಡಿದು ತಂದು ಬುಟ್ಟಿ ಕವುಚಿದ. ನಾನೂ ಎಡಗೈಯಲ್ಲಿ ಬುಟ್ಟಿ ತೋರಿಸಿ, ಅಲ್ಲಿಗೇ ನಡೀರಿ ಎಂದು ಸನ್ನೆ ಮಾಡಿದೆ. ಡಾಕ್ಟರ ಸೀಲು ಪರೀಕ್ಷೆ ಮಾಡಿದವಳು ಪಾರಿವಾಳದವನು ಎಷ್ಟು ಓದಿದ್ದಾನೆಂದು ಕೇಳಲಿಲ್ಲ.

ಅಂತರಘಟ್ಟಮ್ಮ ಬುಟ್ಟಿ ಒದ್ದಳು. ಪಾರಿವಾಳ ಹಾರಿ ಹೆಂಚಿನ ಮೇಲೆ ಕೂತಿತು.

"ಹಕ್ಕಿ ಹಿಡಿಯಾಕೆ ನೀನಿರು. ಅಕ್ಕನ್ನ ನಾನು ನ್ಯಾಮತಿಗೆ ಕರ್ಕಂಡು ಹೋಗ್ತೀನಿ," ಎಂದು ಗಂಡನಿಗೆ ಹೇಳಿ ಆಟೋ ಕರೆದಳು.

ಇದು ಶುರುವಾಗಿದ್ದು ಯಾವಾಗ ಎಂದು ಡಾಕ್ಟರು ಎಲ್ಲಕ್ಕಿಂತ ಮೊದಲು ಕೇಳಿದರು. ಅಂಗನವಾಡಿ ಮಕ್ಕಳು ಊಟಕ್ಕೆ ಕೂರುವಾಗ ಅಕ್ಕ ತೆನೆಗೆ ಬೈದಳು ಎಂದಳು ಅಂತರಘಟ್ಟಮ್ಮ. ಹೀಗೆ ನನ್ನ ಬೈಗುಳ ಆಸ್ಪತ್ರೆಯ ದಾಖಲೆ ಸೇರಿತು. ಕೈ ಎತ್ತು ಎಂದರು, ಹಲ್ಲು ತೋರಿಸು ಎಂದರು, ಇರುವಷ್ಟನ್ನು ತೋರಿಸಿದೆ. ಬಿಪಿ ನೋಡಿದರು, ಬೆರಳು ಚುಚ್ಚಿ ಶುಗರ್ ನೋಡಿದರು. ಮಾತ್ರೆ ಕೊಡಲಿಲ್ಲ. ನೀರಿಗೆ ಸನ್ನೆ ಮಾಡಿದರೆ ಅದೂ ಇಲ್ಲ, ನುಂಗಲಾಗದೆ ಉಸಿರಿನ ಕೊಳವೆಗೆ ಹೋದೀತಂತೆ. ಜಗಳಕ್ಕೆ ಬಂದವರಿಗೂ ನಾವು ಮೊದಲು ನೀರು ಕೊಡುತ್ತೇವೆ. ಈಯಮ್ಮ ನಮಗೆ ಬೇಡ ಎಂದು ಕಾಗದದ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದೆ.

ಅವರು ಮಾಡಿದ್ದೆಲ್ಲ ಫೋನು. ಆಂಬುಲೆನ್ಸಿಗೆ ಫೋನು, ಶಿವಮೊಗ್ಗಕ್ಕೆ ಫೋನು. ಆದರೆ ಶಿವಮೊಗ್ಗದಲ್ಲಿ ಇಳಿಸುವಾಗ ಸ್ಟ್ರೆಚರ್ ಕಾಯುತ್ತಿತ್ತು, ತಲೆ ಸ್ಕ್ಯಾನ್ ಮಾಡುವ ಕೋಣೆ ತೆರವಾಗಿತ್ತು, ಮಿದುಳಿನಲ್ಲಿ ಕಟ್ಟಿದ್ದ ರಕ್ತದ ಹೆಪ್ಪು ಕರಗಿಸುವ ಮದ್ದು ಹೊತ್ತು ಮೀರುವ ಮುಂಚೆ ಮೈಗೆ ಸೇರಿತು. ಪಾರಿವಾಳದ ಸಂಗತಿಯನ್ನು ಅಂತರಘಟ್ಟಮ್ಮ ಅಲ್ಲಿಯೂ ಹೇಳಿಯಾಗಿತ್ತು. ಸೂಳೆಕೆರೆ ಸುತ್ತಿ ಬಂದಿದ್ದರೆ ಈ ಮದ್ದು ಕೊಡಲು ಬರುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು.

ಮಾತು ಬೇಗ ವಾಪಸ್ ಬಂತು. ಮನೆಯವರಿಗೆ ಅದು ಅಷ್ಟೇನೂ ಖುಷಿ ಕೊಟ್ಟಂತೆ ಕಾಣಲಿಲ್ಲ. ಕೈ ಮಾತ್ರ ನಿಧಾನ. ಗುತ್ತಿಗೆ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಕಾಲೇಜಿಗೆ ಹೋಗುವ ಮಾಲಾ ಹತ್ರ ಬರೆಸೋಣ ಎಂದಳು ಅಂತರಘಟ್ಟಮ್ಮ.

"ಇಷ್ಟು ದಿನ ತಡೆದು ಕೂತೋಳು ನಾನು. ನಾನೇ ಬರೀತೀನಿ," ಎಂದೆ.

"ಬರಿ ಮತ್ತೆ. ಆ ಡಾಕ್ಟರು ಗಂಟುಮೂಟೆ ಕಟ್ಟೋದರ ಒಳಗೆ ಬರಿ."

ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡೆ. ಅಕ್ಷರಗಳು ಗೆರೆ ಬಿಟ್ಟು ದಿಕ್ಕಿಗೊಂದು ಹೋದವು. ಶಾಂತಲಾ ಡಾಕ್ಟರು ನಮಗೆ ಬೇಕು, ನನ್ನಂತೆ ದಾರಿ ತಪ್ಪುವವರು ಊರಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ, ಅವರು ಬರುವಾಗಲೂ ಈಯಮ್ಮ ಇಲ್ಲಿರಬೇಕು ಎಂದು ಬರೆದು, ಗಾದ್ರಮ್ಮ ಎಂದು ಸಹಿ ಹಾಕಿದೆ.

ನ್ಯಾಮತಿ ಅಂಚೆ ಕಚೇರಿಯಲ್ಲಿ ಕೂತಿದ್ದ ಹುಡುಗಿ ಲಕೋಟೆಯನ್ನು ಅತ್ತ ಇತ್ತ ತಿರುಗಿಸಿ, ವಿಳಾಸ ಓದಾಕೆ ಆಗ್ತಿಲ್ಲ ಅಜ್ಜಿ ಎಂದಳು. ಒಂದೊಂದೇ ಪದ ನಾನೇ ಓದಿ ಹೇಳಿದೆ. ಅವಳು ಪಕ್ಕದಲ್ಲಿ ಬರೆದುಕೊಂಡು, ಲಕೋಟೆ ತೂಗಿ, ಹಿಂದಿದ್ದ ಚೀಲಕ್ಕೆ ಹಾಕಿದಳು.