ಏಳು ಪಟ್ಟಿ, ಮೂರು ದೇಶ

೨೦೦೯ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕಲ್ಲಿನಾಥ ಫೋನನ್ನೂ ಮಾಡದೆ ಪ್ಲಿಮತ್‌ನಲ್ಲಿದ್ದ ಸತ್ಯನಾರಾಯಣರ ಮನೆಗೆ ಬಂದು ಬಾಗಿಲು ತಟ್ಟಿದ. ಅವನು ಬಂದ ಕಾರಣವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾರಿನ ಬ್ರೇಕ್ ಭಾಗಗಳನ್ನು ತಯಾರಿಸುವ, ಅವರಿಬ್ಬರೂ ಕೆಲಸಕ್ಕಿದ್ದ ಕಂಪನಿಗೆ ಸಾಗರದಾಚೆ ಯುರೋಪಿನಲ್ಲಿ ಮೂರು ಕಾರ್ಖಾನೆಗಳಿದ್ದವು: ಪೋಲೆಂಡ್, ಸ್ಲೊವಾಕಿಯಾ, ಪೋರ್ಚುಗಲ್. ಆರ್ಡರುಗಳು ಅರ್ಧಕ್ಕಿಳಿದಿದ್ದುದರಿಂದ ಒಂದನ್ನು ಮುಚ್ಚಲೇಬೇಕಾಗಿತ್ತು. ಯಾವುದನ್ನು ಮುಚ್ಚಬೇಕೆಂಬುದಕ್ಕೆ, ವ್ಯಾಪಾರದ ಅನುಕೂಲದಂಥ ವಿಷಯಗಳಲ್ಲಿ ದೇಶಗಳಿಗೆ ಸ್ಥಾನ ಕೊಡುವ ಅಂತರರಾಷ್ಟ್ರೀಯ ಪಟ್ಟಿಗಳನ್ನು ಆಧಾರ ಮಾಡಿಕೊಳ್ಳಿ ಎಂದು ವಿಭಾಗದ ಮುಖ್ಯಸ್ಥ ಸತ್ಯನಾರಾಯಣರಿಗೆ ಹೇಳಿದ್ದ. ಅವರು ಏಳು ಪಟ್ಟಿಗಳನ್ನು ಆರಿಸಿಕೊಂಡರು. ಪ್ರತಿಯೊಂದರಲ್ಲೂ ಈ ಮೂರರ ಪೈಕಿ ಮುಂದಿದ್ದ ದೇಶಕ್ಕೆ ಒಂದು, ಅದರ ನಂತರದ್ದಕ್ಕೆ ಎರಡು, ಹಿಂದೆ ಉಳಿದದ್ದಕ್ಕೆ ಮೂರು ಅಂಕ ಕೊಟ್ಟು ಕೂಡಿದರು. ಪೋಲೆಂಡ್ ಹನ್ನೆರಡು, ಸ್ಲೊವಾಕಿಯಾ ಹದಿನಾಲ್ಕು, ಪೋರ್ಚುಗಲ್ ಹದಿನಾರು. ಹೆಚ್ಚು ಅಂಕ ಬಂದದ್ದನ್ನು ಮುಚ್ಚತಕ್ಕದ್ದು. ಕೆಳಗೆ ‘ಪರಿಶೀಲಿಸಿದೆ’ ಎಂದು ಬರೆದು ಶುಕ್ರವಾರವೇ ಮುಖ್ಯಸ್ಥನಿಗೂ ವಿಭಾಗದವರಿಗೂ ಕಳಿಸಿದ್ದರು. ಸೋಮವಾರ ಒಂಬತ್ತು ಗಂಟೆಗೆ ಅದರ ಮೇಲೆ ಅವರ ಸಹಿ ಬೀಳುವುದಷ್ಟೇ ಬಾಕಿ.

ಗದಗದ ಕಡೆಯವನಾದ ಕಲ್ಲಿನಾಥ ಇಲ್ಲಿದ್ದುಕೊಂಡೇ ನೋಡಿಕೊಳ್ಳುತ್ತಿದ್ದುದು ಪೋರ್ಚುಗಲ್ ಕಾರ್ಖಾನೆಯ ಭಾಗಗಳ ವಿನ್ಯಾಸದ ಕೆಲಸವನ್ನು. ಕಾರ್ಖಾನೆ ಹೋದರೆ ಹುದ್ದೆ ಹೋಗುತ್ತಿತ್ತು. ಹುದ್ದೆಯ ಹಿಂದೆಯೇ ವೀಸಾ.

“ಬೂಟ್ ಬಿಚ್ಚಿ ಒಳಗೆ ಬನ್ನಿ,” ಎಂದರು ಸತ್ಯನಾರಾಯಣರು.

“ಸರ್, ನಿಮ್ಮ ಲೆಕ್ಕದಾಗ ತಪ್ಪೈತ್ರಿ,” ಎಂದ ಕಲ್ಲಿನಾಥ, ಬೂಟಿನ ದಾರಕ್ಕೆ ಕೈಹಾಕುವ ಮೊದಲೇ.

ಈ ಮಾತನ್ನು ನಲವತ್ತು ವರ್ಷಗಳಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವರು ರಾಜ್ಯಕ್ಕೆ ಏಳನೆಯ ರ‍್ಯಾಂಕ್ ಬಂದಿದ್ದರು. ಆ ಸುದ್ದಿಯ ಪತ್ರಿಕೆಯ ತುಣುಕು ಇಂದಿಗೂ ಊಟದ ಮೇಜಿನೆದುರಿನ ಗೋಡೆಯಲ್ಲಿ ಚೌಕಟ್ಟಿನೊಳಗಿತ್ತು.

“ಕೂಡಿ ನೋಡಿ.”

“ಕೂಡಿದ್ದು ಸರಿ ಐತ್ರಿ. ಕೂಡಬಾರದ್ದ ಕೂಡೀರಿ.”

ಅವರ ಹೆಂಡತಿ ಪದ್ಮ ಕಾಫಿ ತಂದಿಟ್ಟರು. “ಜಗಳ ಆಮೇಲೆ. ಆರಿಹೋಗತ್ತೆ, ಮೊದ್ಲು ಕುಡೀರಿ.”

“ಜಗಳಲ್ರಿ ಆಂಟಿ, ಲೆಕ್ಕ.”

“ಈ ಮನೇಲಿ ಎರಡೂ ಒಂದೇ ಕಣಪ್ಪ.”

ಕಲ್ಲಿನಾಥ ನಗಲಿಲ್ಲ. ಮೇಜಿನ ಮೇಲೆ ಮೂರು ಹಾಳೆಗಳನ್ನು ಹರಡಿದ.

“ಇದು ನಿಮ್ಮ ಎರಡನೇ ಪಟ್ಟಿ, ಇದು ನಾಲ್ಕನೇದು, ಇದು ಏಳನೇದು. ಹೆಸರು ಬ್ಯಾರೆ ಬ್ಯಾರೆ. ಕಡೀ ಹಾಳ್ಯಾಗ ಸಣ್ಣ ಅಕ್ಷರ ಐತಲ್ಲ, ಅದನ್ನ ಓದ್ರಿ. ಮೂರಕ್ಕೂ ಮಾಹಿತಿ ಒಂದ ಸಮೀಕ್ಷೆದಿಂದ ಬಂದೈತಿ. ಅದೇ ವ್ಯಾಪಾರಸ್ಥರು, ಅದೇ ಪ್ರಶ್ನೆ. ಅವರ ಮನಸ್ಸಿಗೆ ಪೋರ್ಚುಗಲ್ ಸೇರಲಿಲ್ಲ. ಹಂಗಂತ ಅವರು ಒಂದ ಸಲ ಹೇಳಿದ್ರು, ನೀವು ಮೂರ ಸಲ ಬರಕೊಂಡೀರಿ.”

“ಜನರ ಅಭಿಪ್ರಾಯಾನೂ ಒಂದು ಅಳತೆ.”

“ಹೌದ್ರಿ. ಆದ್ರ ಒಂದ ಸೇರು ಜ್ವಾಳ ಮೂರ ಸಲ ಅಳದ್ರ ಮೂರು ಸೇರು ಆಗ್ತೈತೇನ್ರಿ?”

ಸತ್ಯನಾರಾಯಣರು ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. “ಒಂದು ಮಾತು ಕೇಳ್ತೀನಿ. ನಿಮ್ಮ ಕೆಲಸ ಪೋಲೆಂಡ್ ಕಾರ್ಖಾನೇದಾಗಿದ್ರೆ ಈ ಸಣ್ಣ ಅಕ್ಷರ ಓದ್ತಿದ್ರಾ?”

ಕಲ್ಲಿನಾಥ ಲೋಟವನ್ನು ಕೆಳಗಿಟ್ಟ.

“ಇಲ್ರಿ. ಓದ್ತಿರಲಿಲ್ಲ. ಆದ್ರ ಆವಾಗ ತಪ್ಪು ಇರ್ತಿರಲಿಲ್ಲೇನ್ರಿ?”

ಪದ್ಮ ಗಂಡನ ಮುಖ ನೋಡಿದರು. ಗಂಡ ಹಾಳೆಗಳನ್ನು ನೋಡುತ್ತಿದ್ದರು.

“ರ‍್ಯಾಂಕ್ ಬಂದೋರಿಗೆ ರ‍್ಯಾಂಕಿನ ಮ್ಯಾಲೆ ಸಂಶಯ ಬರೂದಿಲ್ರಿ,” ಎಂದ ಕಲ್ಲಿನಾಥ, ಗೋಡೆಯ ಚೌಕಟ್ಟಿನತ್ತ ಕಣ್ಣು ಹಾಯಿಸಿ. “ನಾನು ಥರ್ಡ್ ಕ್ಲಾಸು. ನನಗ ಬರ್ತೈತಿ.”

“ನೀವು ಹೊರಡಿ. ನಾನು ನೋಡ್ತೀನಿ.”

ಅವನು ಹೋದ ಮೇಲೆ ಸತ್ಯನಾರಾಯಣರು ಮೂರೂ ಹಾಳೆಗಳನ್ನು ಎರಡೆರಡು ಬಾರಿ ಓದಿದರು. ಸಮೀಕ್ಷೆ ಒಂದೇ, ನಡೆದ ತಿಂಗಳೂ ಒಂದೇ. ಮೂರರಲ್ಲಿ ಒಂದನ್ನು ಉಳಿಸಿಕೊಂಡು ಎರಡನ್ನು ಹೊಡೆದುಹಾಕಿದರು. ಆ ಎರಡರಲ್ಲೂ ಪೋಲೆಂಡ್ ಮೊದಲು, ಸ್ಲೊವಾಕಿಯಾ ನಡುವೆ, ಪೋರ್ಚುಗಲ್ ಕೊನೆ. ಹನ್ನೆರಡರಲ್ಲಿ ಎರಡು ಕಳೆದರು, ಹದಿನಾಲ್ಕರಲ್ಲಿ ನಾಲ್ಕು, ಹದಿನಾರರಲ್ಲಿ ಆರು. ಪೆನ್ಸಿಲ್ ನಿಂತಿತು. ಹತ್ತು, ಹತ್ತು, ಹತ್ತು.

“ಏನ್ ಬಂತು?” ಎಂದು ಪದ್ಮ ಕೇಳಿದರು.

“ಏನೂ ಬರಲಿಲ್ಲ.”

ಜನವರಿಯಿಂದ ಈಚೆಗೆ ಅವರ ಮಹಡಿಯೊಂದರಲ್ಲೇ ಹನ್ನೊಂದು ಕುರ್ಚಿಗಳು ಖಾಲಿಯಾಗಿದ್ದವು. ‘ಪರಿಶೀಲಿಸಿದೆ’ ಎಂದು ಬರೆದು ತಪ್ಪಿದ, ಅರವತ್ತೊಂದು ವರ್ಷದ ಮನುಷ್ಯನದು ಹನ್ನೆರಡನೆಯದಾಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಸುಮ್ಮನಿದ್ದರೆ ಆಫೀಸಿನಲ್ಲಿ ಬೇರೆ ಯಾರೂ ಆ ಸಣ್ಣ ಅಕ್ಷರಗಳನ್ನು ಓದುವವರಲ್ಲ. ಇದನ್ನು ಅವರು ಪದ್ಮರಿಗೆ ಹೇಳಲಿಲ್ಲ. ಹೇಳದೆಯೂ ಆಕೆಗೆ ಗೊತ್ತಿತ್ತು.

ಸೋಮವಾರ ಒಂಬತ್ತಕ್ಕೆ ಮುಖ್ಯಸ್ಥನ ಮೇಜಿನ ಮೇಲೆ ಹೊಸ ಹಾಳೆಯನ್ನಿಟ್ಟು, ಏಳರಲ್ಲಿ ಮೂರು ಪಟ್ಟಿಗಳು ವಾಸ್ತವವಾಗಿ ಒಂದೇ ಎಂದೂ, ನೋಡದೆ ನೋಡಿದ್ದೇನೆಂದು ಬರೆದ ತಪ್ಪು ತನ್ನದೆಂದೂ ಹೇಳಿದರು.

ಹಾಗಾದರೆ ಕೊನೆಯದು ಯಾವುದು, ಎಂದು ಅವನು ಕೇಳಿದ. ಯಾವುದೂ ಅಲ್ಲ, ಎಂದರು ಇವರು. ಕೇಂದ್ರ ಕಚೇರಿಗೆ ಒಂದು ಹೆಸರು ಬೇಕಾಗಿದೆ, ಎಂದ ಅವನು. ಈ ಲೆಕ್ಕದಲ್ಲಿ ಹೆಸರಿಲ್ಲ, ಎಂದರು ಇವರು. ಅವನು ಶುಕ್ರವಾರದ ಹಾಳೆಯನ್ನು ಮುಂದಕ್ಕೆ ತಳ್ಳಿ, ಇದರಲ್ಲಿದೆಯಲ್ಲ, ಸಹಿ ಮಾಡಿ, ಎಂದ.

ಸತ್ಯನಾರಾಯಣರು ಪೆನ್ನು ತೆಗೆದುಕೊಂಡರು. ‘ಪರಿಶೀಲಿಸಿದೆ’ ಎಂಬ ಪದದ ಮೇಲೆ ಅಡ್ಡಗೆರೆ ಎಳೆದು, ಪೆನ್ನನ್ನು ಹಾಳೆಯ ಮೇಲೆಯೇ ಇಟ್ಟರು.

ಮುಖ್ಯಸ್ಥ ಕಿಟಕಿಯತ್ತ ತಿರುಗಿದ. ಹೊರಗೆ, ಕಾಲುಭಾಗವೂ ತುಂಬದ ಪಾರ್ಕಿಂಗ್ ಜಾಗದ ಅಂಚಿನಲ್ಲಿ, ಗುಡ್ಡೆಹಾಕಿದ ಹಿಮ ಕಪ್ಪಾಗಿತ್ತು. ಅವನು ಈಚೆ ತಿರುಗಿ ಹೇಳಿದ: ದೇಶಗಳನ್ನು ಬಿಡಿ, ಕಾರ್ಖಾನೆಗಳ ಕೆಲಸವನ್ನೇ ಎಣಿಸಿ: ಎಷ್ಟು ಭಾಗಗಳು ತಿರಸ್ಕೃತವಾದವು, ಎಷ್ಟು ದಿನ ತಡವಾಯಿತು. ಮೂರು ವಾರ ಕೊಟ್ಟಿದ್ದೇನೆ. ಇನ್ನೊಮ್ಮೆ ತಪ್ಪಿದರೆ ನಿಮ್ಮ ಸ್ಥಾನವನ್ನು ಗೊತ್ತುಮಾಡಲು ನನಗೆ ಪಟ್ಟಿ ಬೇಕಾಗುವುದಿಲ್ಲ.

ಕಲ್ಲಿನಾಥ ಕಾಫಿ ಯಂತ್ರದ ಬಳಿ, ಖಾಲಿ ಲೋಟ ಹಿಡಿದು ನಿಂತಿದ್ದ.

“ಮೂರು ವಾರ,” ಎಂದರು ಸತ್ಯನಾರಾಯಣರು. “ಪಟ್ಟಿಗಳಿಲ್ಲ. ಕಾರ್ಖಾನೆಗಳ ಕೆಲಸ ಎಣಿಸಬೇಕು. ನಿಮ್ಮ ಪೋರ್ಚುಗಲ್ ಕೊನೆಗೆ ಬಂದ್ರೆ ಕೊನೆಗೇ ಬರೀತೀನಿ. ನಿಮ್ಮ ಮುಖ ನೋಡಲ್ಲ.”

“ನೋಡಬ್ಯಾಡ್ರಿ ಸರ್,” ಎಂದ ಕಲ್ಲಿನಾಥ. ಖಾಲಿ ಲೋಟವನ್ನು ಯಂತ್ರದ ಕೆಳಗಿಟ್ಟ. “ಕಡೀಕ್ ಬಂದ್ರ ಕಡೀಕ ಬರೀರಿ. ಆದ್ರ ಒಂದ ಸಲ ಎಣಿಸ್ರಿ.”