ಹಾಲೆ ಮರಕ್ಕೆ ಹೇಳಿದ ಮಾತು

ಆಟಿ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ನಾನು ಮಾನ ಮರ್ಯಾದೆ ಬದಿಗಿಟ್ಟು ಭಾವನಿಗೆ ಫೋನು ಮಾಡಿದೆ.

ಭಾವ ಎಂದರೆ ನಮ್ಮವರ ಅಣ್ಣ. ಕಡಬದ ಆಚೆ ಮನೆ. ನಾನು ಬೇರೆ ಜಾತಿಯವಳೆಂದು ಮದುವೆಯಾದಂದಿನಿಂದ ಆ ಮನೆಯ ಅಂಗಳವನ್ನೂ ನನಗೆ ಯಾರೂ ತೋರಿಸಿಲ್ಲ. ನಮ್ಮವರು ಮಾತ್ರ ವರ್ಷಕ್ಕೊಮ್ಮೆ, ಆಟಿ ತಿಂಗಳ ಅಮಾವಾಸ್ಯೆಯ ದಿನ, ಹಾಲೆ ಮರದ ಕೆತ್ತೆ ತರಲು ಅಲ್ಲಿಗೆ ಹೋಗುತ್ತಿದ್ದರು. ಕೆತ್ತೆ ಅಂದರೆ ತೊಗಟೆ. ಸೂರ್ಯ ಹುಟ್ಟುವ ಮೊದಲು ತೆಗೆಯಬೇಕು, ಮಳೆಗಾಲದ ಕಾಯಿಲೆಗೆ ಮದ್ದೆಂದು ಅದರ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿಯಬೇಕು. ನಸುಕಿಗೆ ಹೋದ ಮಹಾರಾಯರು ಬಿಸಿಲೇರಿದ ಮೇಲೆ ಬರುತ್ತಿದ್ದರು. ನಾನು ಹಸಿದುಕೊಂಡು ಸಿಡಿಮಿಡಿ ಮಾಡುತ್ತಿದ್ದೆ.

"ಕಡಬ ಎಂತ ಪಕ್ಕದ ಮನೆಯಾ ಮಾರಾಯ್ತಿ? ಮಾತಾಡ್ತಾ ಕೂತದ್ದೇ ಗೊತ್ತಾಗ್ಲಿಲ್ಲ. ಅತ್ತಿಗೆ ನಿನ್ನ ಕೇಳಿದ್ರು," ಎನ್ನುತ್ತಿದ್ದರು.

ಆ 'ಕೇಳಿದ್ರು' ಎಂಬ ಒಂದು ಮಾತನ್ನು ನಾನು ವರ್ಷವಿಡೀ ಜೋಪಾನ ಮಾಡುತ್ತಿದ್ದೆ. ನಮಗೆ ಮಕ್ಕಳಿಲ್ಲ. ನನ್ನ ತವರಿನವರು ಆಗಲೇ ಬಾಗಿಲು ಹಾಕಿಕೊಂಡವರು. ಸುಳ್ಯದ ಬಾಡಿಗೆ ಮನೆಯಲ್ಲಿ ಹೊಲಿಗೆ ಮಿಷನ್ ಮೆಟ್ಟುತ್ತ, ನನ್ನನ್ನು ವಿಚಾರಿಸುವ ಒಂದು ಜೀವ ಕಡಬದಲ್ಲಾದರೂ ಉಂಟಲ್ಲ ಎಂದುಕೊಳ್ಳುತ್ತಿದ್ದೆ. ಕಳೆದ ವರ್ಷ ಅಮಾವಾಸ್ಯೆಯ ಹಿಂದಿನ ರಾತ್ರಿ ನಮ್ಮವರಿಗೆ ಎದೆನೋವು ಬಂತು. ಬೆಳಗಾಗುವಾಗ ಇಲ್ಲ. ಭಾವ ಬಂದು, ಅಂಗಳದಲ್ಲೇ ನಿಂತು, ನೀರೂ ಮುಟ್ಟದೆ ಹೋದರು. ಪಾಪ, ದುಃಖದ ಗಡಿಬಿಡಿ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಈ ವರ್ಷ ಕೆತ್ತೆಯ ನೆಪದಲ್ಲಾದರೂ ಆ ಮನೆಯ ಮೆಟ್ಟಿಲು ಹತ್ತಬೇಕು, ಕೇಳಿದ ಅತ್ತಿಗೆಯ ಮುಖ ನೋಡಬೇಕು ಎಂದು ನನಗೆ ಆಸೆ.

"ಎಂತ ಕೆತ್ತೆ?" ಎಂದರು ಭಾವ. "ನಿನ್ನ ಕಟ್ಟಿಕೊಂಡ ಮೇಲೆ ಅವ ಈ ಜಾಗೆಗೆ ಕಾಲೇ ಇಡ್ಲಿಲ್ಲ. ಹಾಲೆ ಮರ ಕಡಿದು ರಬ್ಬರ್ ಹಾಕಿ ಎಷ್ಟೋ ಕಾಲ ಆಯ್ತು."

"ಅತ್ತಿಗೆ ನನ್ನ ಕೇಳ್ತಿದ್ರು ಅಂತ..."

"ಅವಳಿಗೆ ನಿನ್ನ ಹೆಸರೂ ಗೊತ್ತಿಲ್ಲ." ಫೋನು ಇಟ್ಟರು.

ಆ ದಿನ ಒಂದು ರವಿಕೆಗೂ ಸೂಜಿ ತಾಗಿಸಲಿಲ್ಲ. ಸತ್ತ ಗಂಡನಿಗೆ ಬಾಯಿಗೆ ಬಂದಂತೆ ಬೈದೆ. ಸುಳ್ಳ! ಹಾಗಾದರೆ ಕೆತ್ತೆ ತರುತ್ತಿದ್ದದ್ದು ಎಲ್ಲಿಂದ? ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಕೊಡೆ ಹಿಡಿದು ದೊರೆ ತೋಟಕ್ಕೆ ಹೊರಟೆ. ನಮ್ಮ ಸುತ್ತಮುತ್ತ ಹಾಲೆ ಮರ ಉಳಿದದ್ದು ಅಲ್ಲಿ ಮಾತ್ರ ಎಂದು ಎಲ್ಲರೂ ಹೇಳುತ್ತಾರೆ.

ಮನೆಯ ಹಿಂದಿನ ಗುಡ್ಡದಲ್ಲೇ ಆ ತೋಟ. ಹಿಂದೆ ಯಾವನೋ ಬಿಳಿ ದೊರೆ ಮಾಡಿಸಿದ್ದಂತೆ. ಪುಣ್ಯಾತ್ಮ, ಕಾಡು ಕಡಿಯದೆ ಮರಗಳ ನಡುವೆಯೇ ಮುರಕಲ್ಲಿನ ಮೆಟ್ಟಿಲು, ಕೆರೆ, ಕಲ್ಲುಬೆಂಚು ಮಾಡಿಸಿದ್ದಾನೆ. ಈಗ ಪಂಚಾಯತಿನವರು ಮರಗಳಿಗೆ ಹೆಸರಿನ ಫಲಕ ಹಾಕಿದ್ದಾರೆ. ಕೆಳಗೆ ಪಯಸ್ವಿನಿ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಇಷ್ಟು ಹತ್ತಿರ ಇದ್ದೂ ನಾನು ಕಾಲಿಟ್ಟದ್ದು ಅದೇ ಮೊದಲು. ಒಬ್ಬಳೇ ತೋಟ ನೋಡಲು ಹೋಗುವುದು ಯಾರಿಗೆ ಚಂದ? ಅಲ್ಲಲ್ಲಿ ಜೋಡಿಗಳು ಫೋಟೋ ತೆಗೆಯುತ್ತಿದ್ದವು.

ಹಾಲೆ ಮರ ಕೆರೆಯ ಬದಿಯಲ್ಲಿತ್ತು. ಕಾಂಡದ ತುಂಬ ಹಳೆಯ ಗಾಯದ ಗುರುತು. ಅದಕ್ಕೆ ಒಂದು ಬಟ್ಟೆಯ ಪಟ್ಟಿ ಕಟ್ಟಿತ್ತು. ಬಣ್ಣ ಹೋಗಿ, ಪಾಚಿ ಹಿಡಿದಿತ್ತು. ಆದರೂ ಅಂಚಿನ ಹೊಲಿಗೆ ನನ್ನದೇ. ನಾನು ಹೊಲಿದದ್ದು ನನಗೆ ಗೊತ್ತಾಗದೆ ಇರುತ್ತದಾ? ನನ್ನ ಗಿಳಿಹಸಿರು ರವಿಕೆಯ ಉಳಿಕೆ ತುಂಡು ಅದು.

"ಅದನ್ನು ಬಿಚ್ಚಬೇಡಿ ಅಕ್ಕ," ಎಂದು ಹಿಂದಿನಿಂದ ಯಾರೋ ಹೇಳಿದರು. ತೋಟದ ವಾಚ್‌ಮ್ಯಾನ್, ಕಿಟ್ಟಣ್ಣ. "ಡೊಂಬಯ್ಯಣ್ಣ ಕಟ್ಟಿದ್ದು. ನಾಳೆ ಬರ್ತೇನೆ ಅಂತ ಹಿಂದಿನ ದಿನವೇ ಮರಕ್ಕೆ ಹೇಳಿ, ಗುರುತು ಕಟ್ಟಿ ಹೋಗುದು ಕ್ರಮ ಅಲ್ವಾ? ಪ್ರತಿ ವರ್ಷ ಬರ್ತಿದ್ರು. ಕಳೆದ ಸಲ ಕಟ್ಟಿ ಹೋದವರು ಬರ್ಲೇ ಇಲ್ಲ."

"ನಾನು ಅವರ ಹೆಂಡತಿ," ಎಂದೆ. "ಅವರು ಅದೇ ರಾತ್ರಿ ತೀರಿಕೊಂಡ್ರು."

ಕಿಟ್ಟಣ್ಣ ತಲೆಯ ಮೇಲಿನ ಅಡಿಕೆ ಹಾಳೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಯ್ಯೋ ದೇವರೇ! ಒಳ್ಳೆ ಜನ ಮಾರಾಯ್ರೆ. ಕೆತ್ತೆ ತೆಗೆದ ಮೇಲೆ ಅಗೋ ಆ ಬೆಂಚಲ್ಲಿ ಕೂರ್ತಿದ್ರು, ಬಿಸಿಲು ಬರುವವರೆಗೆ, ಒಬ್ಬರೇ. ಎಂತ ಹೋಗುದಿಲ್ವಾ ಅಂದ್ರೆ, ಮನೆ ತುಂಬ ಜನ, ಎಲ್ಲ ಕಾಯ್ತಾ ಇದ್ದಾರೆ, ಹೋಗ್ಬೇಕು ಅಂತ ನಗಾಡ್ತಿದ್ರು. ಅಣ್ಣ, ಅತ್ತಿಗೆ, ಮಕ್ಕಳು, ಎಲ್ಲ ಒಟ್ಟಿಗೆ ಅಲ್ವಾ ನೀವು? ಜನ ಇದ್ದದ್ದಕ್ಕೆ ನಿಮಗೆ ಬಚಾವ್."

ಕಡಬಕ್ಕೆ ಹೋಗಿ ಬರುವಷ್ಟು ಹೊತ್ತು ಈ ಮನುಷ್ಯ ಈ ಕಲ್ಲಿನ ಮೇಲೆ ಕೂತು ಕಳೆಯುತ್ತಿದ್ದರು. ನಾನು ಅಲ್ಲಿ ಕೆಳಗೆ, ಕೂಗಿದರೆ ಕೇಳುವಷ್ಟು ಹತ್ತಿರ, ಹಸಿದುಕೊಂಡು ಬೈಯುತ್ತಿದ್ದೆ. ಮರಕ್ಕೆ ಕೈ ಆನಿಸಿ ಅತ್ತೆ. ಅತ್ತು ಮುಗಿದ ಮೇಲೆ ಹೊರಡುವಾಗ, ಯಾರ ಮನೆಯಿಂದ ಎದ್ದರೂ ಹೇಳುವ ಹಾಗೆ, ಬಾಯಿತಪ್ಪಿ ಹೇಳಿಬಿಟ್ಟೆ: "ಬರ್ತೇನೆ ಆಯ್ತಾ?"

ಕಿಟ್ಟಣ್ಣ ನನ್ನನ್ನೇ ನೋಡಿದರು. "ಮರ ಮುಟ್ಟಿ ಹೇಳಿದಿರಲ್ಲ ಅಕ್ಕ, ಅದೂ ಇವತ್ತು! ಇನ್ನು ಬಾರದೆ ಆಗ್ಲಿಕ್ಕಿಲ್ಲ."

"ಹೆಂಗಸರು ಕೆತ್ತೆ ತೆಗೆಯುದುಂಟಾ?"

"ಅದೆಲ್ಲ ನನಗೆ ಗೊತ್ತಿಲ್ಲ. ಹೇಳಿದ ಮೇಲೆ ಬರ್ಬೇಕು. ಒಬ್ಬರು ಹೇಳಿ ಬರ್ಲಿಲ್ಲ, ಇನ್ನು ನೀವೂ ಹಾಗೆ ಮಾಡಿದ್ರೆ? ಸಣ್ಣ ಗೇಟು ತೆಗೆದಿಡ್ತೇನೆ."

ಮರುದಿನ ಬೆಳಕು ಹರಿಯುವ ಮೊದಲೇ ಹೋದೆ. ಕೆತ್ತೆಗೆ ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಬೇಕು. ಅವರ ಕಲ್ಲು ಮರದ ಬುಡದಲ್ಲೇ ಬಿದ್ದಿತ್ತು. "ಹೇಳಿದವರು ಬರ್ಲಿಲ್ಲ ಅಂತ ಬೇಜಾರು ಮಾಡ್ಬೇಡ," ಎಂದೆ ಮರಕ್ಕೆ. "ಅವರ ಬದಲಿಗೆ ನಾನು ಬಂದಿದ್ದೇನೆ." ಜಜ್ಜಿದಲ್ಲಿ ಬಿಳಿ ಹಾಲು ಒಸರಿ ಬೆರಳಿಗೆ ಅಂಟಿತು. ಹಳೆಯ ಪಟ್ಟಿಯನ್ನು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡೆ.

ಮನೆಗೆ ಹೋಗಬಹುದಿತ್ತು. ಹೋಗಿ ಮಾಡುವುದೆಂತ? ಕಷಾಯ ಕಾಯಿಸುವವಳೂ ನಾನೇ, ಕುಡಿಯುವವಳೂ ನಾನೇ. ಕಹಿಯಾ ಎಂದು ಕೇಳುವವರೂ ಇಲ್ಲ. ಆ ಬೆಂಚಿನ ಮೇಲೆ ಕೂತೆ. ಕಲ್ಲು ತಣ್ಣಗಿತ್ತು. ಮರಗಳ ಸಂದಿಯಿಂದ ನಮ್ಮ ಮನೆಯ ಹಂಚು ಕಾಣುತ್ತಿತ್ತು. ಬಿಸಿಲು ಮೆಲ್ಲಗೆ ಕೆರೆಗೆ ಇಳಿಯಿತು.

ಕಿಟ್ಟಣ್ಣ ಕಸಬರಿಕೆ ಹಿಡಿದುಕೊಂಡು ಬಂದರು. "ಎಂತ ಅಕ್ಕ, ಇನ್ನೂ ಹೋಗುದಿಲ್ವಾ? ಮನೆಯವರು ಕಾಯುದಿಲ್ವಾ?"

ನಾನು ಕೆತ್ತೆಯ ಕಟ್ಟನ್ನು ಎತ್ತಿಕೊಂಡು ಎದ್ದೆ.

"ಕಾಯ್ತಾ ಇದ್ದಾರೆ ಕಿಟ್ಟಣ್ಣ," ಎಂದು ನಗಾಡಿದೆ. "ಮನೆ ತುಂಬ ಜನ."