ಬಾವಿಯ ಹಗ್ಗ ಮಲಗಿದ ಮೇಲೆ

ಒಂದೂರಲ್ಲಿ ನಿದ್ದೆಯನ್ನೇ ಕಳೆದುಕೊಂಡ ಮುದಿರಾಣಿಯೊಬ್ಬಳು ಇದ್ದಳಂತೆ, ಪರದೆಯ ಸಂದಿಯಿಂದ ಇಳಿದ ಮಧ್ಯಾಹ್ನದ ಬಿಸಿಲು ಅವಳ ಪಾದದ ಮೇಲೆ ಬೆಕ್ಕಿನ ಹಾಗೆ ಕೂತಿತ್ತಂತೆ — ಹೀಗೇ ಶುರುಮಾಡುತ್ತಿದ್ದಳಲ್ಲವೇ ಅಜ್ಜಿ, ಈಗ ರಾಣಿಯೂ ಅವಳೇ, ಕಾಲಿನ ಆಪರೇಷನ್ ಆದಾಗಿನಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ, ಮಾತ್ರೆ ಕೊಟ್ಟರೆ ಅದು ನಿದ್ದೆಯಲ್ಲ ಕಣೇ, ಮೂರ್ಛೆ ಅಂತ ಉಗುಳುತ್ತಾಳೆ, ಹೀಗಾದರೆ ಗಾಯ ಮಾಯುವುದಾದರೂ ಹೇಗೆ ಅಂದಿದ್ದಾರೆ ಡಾಕ್ಟರು, ನಿನ್ನ ಜೋಗುಳವನ್ನೇ ನಿನಗೆ ಹಾಡಿ ಮಲಗಿಸ್ತೀನಿ ಎಂದು ಮೊಮ್ಮಗಳು ಮಾತು ಕೊಟ್ಟಿದ್ದಾಳೆ, ಕೊಟ್ಟು ದಿನಾ ತಾನೇ ಮೊದಲು ಗೊರಕೆ ಹೊಡೆದಿದ್ದಾಳೆ. ಇವತ್ತೂ ಮೊಮ್ಮಗಳಿಗೆ ಭುಜ ಎರಡೂ ತನ್ನವಲ್ಲ ಅನಿಸುತ್ತಿದೆ, ಬೆಳಗಿನಿಂದ ಹೋಟೆಲಿನ ಬೆಡ್‌ಶೀಟುಗಳಿಗೆ ಇಸ್ತ್ರಿ, ಯಾರ್ಯಾರೋ ಹಾಯಾಗಿ ಮಲಗೆದ್ದ ಬಿಳಿ ಬಟ್ಟೆ, ಹಬೆ, ರೇಡಿಯೊ, ನಿಂಗೆ ಯಾವ ಹಾಡು ಇಷ್ಟ ಹೇಳೇ ಅಂದರು ಜೊತೆಯವರು, ಜೋಗುಳ ಅಂದಳು, ಮದುವೆಯಿಲ್ಲ ಮಗುವಿಲ್ಲ, ಜೋಗುಳವಂತೆ ಎಂದು ನಕ್ಕೂ ನಕ್ಕೂ ಒಬ್ಬಳು ದಿಂಬಿನ ಕವರೇ ಸುಟ್ಟಳು — ಹೇಗೆ ಹೇಳುವುದು ಅವರಿಗೆ, ಬೇರೆ ಹಾಡೆಲ್ಲ ನನ್ನನ್ನು ಕೇಳು ಕೇಳು ಅನ್ನುತ್ತವೆ, ಇದೊಂದು ಮಾತ್ರ, ಸಾಕು, ಇನ್ನು ಕೇಳಬೇಡ, ನಾನಿದ್ದೀನಿ ಅನ್ನುತ್ತದೆ, ಅಮ್ಮ ತೀರಿಕೊಂಡ ವರ್ಷ ಕತ್ತಲೆಗೆ ಹೆದರಿ ಮುದುಡುತ್ತಿದ್ದವಳ ಬೆನ್ನ ಮೇಲೆ ಅಜ್ಜಿಯ ಕೈ, ತಟ್ ತಟ್, ಬೆರಳ ಸಂದಿಯಲ್ಲಿ ಬೆಳ್ಳುಳ್ಳಿ ವಾಸನೆ, ಹಸು ಮಲಗಿತು, ಬೆಕ್ಕು ಮಲಗಿತು, ಬಾವಿಯ ಹಗ್ಗ ಮಲಗಿತು — ಅಷ್ಟೇ, ಅದರಾಚೆಗೆ ಅವಳು ಕೇಳಿದ್ದೇ ಇಲ್ಲ.

ಇವತ್ತೂ ಅಲ್ಲಿವರೆಗೆ ಹಾಡಿ ಕೇಳುತ್ತಾಳೆ, ಆಮೇಲೇನು ಅಜ್ಜಿ? ಆಮೇಲೆ ನೀನು ಮಲಗಿಬಿಡ್ತಿದ್ದೆ, ಇನ್ಯಾರಿಗೆ ಹಾಡ್ಲಿ, ಗೋಡೆಗಾ ಅನ್ನುತ್ತಾಳೆ ಅಜ್ಜಿ, ಅನ್ನುತ್ತಲೇ ಅವಳ ಕೈ ಮೊಮ್ಮಗಳ ಮಂಡಿಯ ಮೇಲೆ ತಟ್ ತಟ್, ಜೋಗುಳ ಕಿವಿಗೆ ಬಿದ್ದರೆ ಸಾಕು ಆ ಕೈ ಸುಮ್ಮನಿರದು, ಇದೇ ಕೈ ಅಲ್ಲವೇ ದಿನಾ ಹಾಡುವವಳನ್ನೇ ಮಲಗಿಸಿದ್ದು, ಸಿಕ್ಕಿಬಿದ್ದೆ ಮುದುಕಿ, ಮಂಡಿ ಮೆಲ್ಲಗೆ ಸರಿಸುತ್ತಾಳೆ, ಆ ಕೈ ಎತ್ತಿ ಅಜ್ಜಿಯದೇ ಎದೆಯ ಮೇಲೆ ಇಡುತ್ತಾಳೆ, ತಟ್ ತಟ್, ತಟ್ಟಿಕೋ, ನಿನ್ನನ್ನು ನೀನು ಯಾವತ್ತು ತಟ್ಟಿಕೊಂಡಿದ್ದೆ — ಬಾವಿಯ ಹಗ್ಗ ಮಲಗಿತು, ಕಣ್ಣು ಎಳೆಯುತ್ತಿದೆ, ಬೇಡ, ಆಚೆಗೆ ಹೋಗು, ಇಸ್ತ್ರಿಪೆಟ್ಟಿಗೆ ಮಲಗಿತು, ಹಬೆ ಮಲಗಿತು, ಸುಟ್ಟ ದಿಂಬಿನ ಕವರು ಮಲಗಿತು, ಇದ್ಯಾವುದೇ ಹೊಸದು ಅಂದಳು ಅಜ್ಜಿ ಅರೆಗಣ್ಣಲ್ಲಿ, ಹಳೇದೇ ಅಜ್ಜಿ, ನೀನು ಹಾಡದೆ ಉಳಿಸಿದ್ದು, ಬಿಸಿಲು ಮಲಗಿತು, ನೋಯುವ ಕಾಲು ಮಲಗಿತು, ತಟ್, ರಾಣಿಯ ಬಾಯಿ ತುಸು ತೆರೆಯಿತಂತೆ, ಸಣ್ಣಗೆ ಗೊರಕೆ, ತಟ್ — ಈ ಕೈ ನಿಲ್ಲುವುದನ್ನು ಮೊಮ್ಮಗಳು ಯಾವತ್ತೂ ನೋಡಿದವಳಲ್ಲ, ತಾನು ಮಲಗಿದ ಮೇಲೂ ಎಷ್ಟು ಹೊತ್ತು ತಟ್ಟುತ್ತಿತ್ತೋ ಏನೋ, ಬೆರಳು ಒಮ್ಮೆ ಎದ್ದಿತು, ಬೀಳದೆ ಹಾಗೇ, ಆಮೇಲೆ ಮೆಲ್ಲಗೆ, ಗೊರಕೆಗೆ ಏರಿಳಿಯುವ ಎದೆಯ ಮೇಲೆ, ಕೈ, ಅಜ್ಜಿಯ ಕೈ ಮಲಗಿತು.